ಒಂದೇ ಕೊಠಡಿಯ 17 ಮಕ್ಕಳಿಗೆ ಮೂರು ಬಗೆಯ ಹಾಳೆ ಬೇಕೇ?

ಪ್ರಶ್ನೆ: ನಾನು ಅಂಕೋಲಾ ತಾಲ್ಲೂಕಿನ ಕಡಲ ಬದಿಯ ಹಳ್ಳಿಯೊಂದರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ನಾವು ಇಬ್ಬರೇ ಇದ್ದೇವೆ. ನಾಲ್ಕು ಮತ್ತು ಐದನೇ ತರಗತಿಯ 17 ಮಕ್ಕಳು ಒಂದೇ ಕೊಠಡಿಯಲ್ಲಿ ನನ್ನ ಪಾಲಿಗೆ. ಕಳೆಯುವ ಲೆಕ್ಕ ಕೊಟ್ಟರೆ ನಾಲ್ಕೈದು ಮಕ್ಕಳು ಐದು ನಿಮಿಷದಲ್ಲಿ ಮುಗಿಸಿ "ಅಕ್ಕೋರೆ, ಆಯ್ತು" ಎನ್ನುತ್ತಾರೆ. ಆರೇಳು ಮಕ್ಕಳು ಗಂಟೆ ಹೊಡೆದರೂ ಮೊದಲ ಲೆಕ್ಕದಲ್ಲೇ ಇರುತ್ತಾರೆ. ಕನ್ನಡ ವ್ಯಾಕರಣದಲ್ಲೂ ಇದೇ ಅಂತರ. ಅರ್ಧದಷ್ಟು ಮಕ್ಕಳ ಮನೆಮಾತು ಕೊಂಕಣಿ, ಇಬ್ಬರದು ಹವ್ಯಕ ಕನ್ನಡ. ತರಬೇತಿಯಲ್ಲಿ ಪ್ರತಿ ಪಾಠಕ್ಕೂ ಮೂರು ಹಂತದ ಅಭ್ಯಾಸ ಹಾಳೆ ಮಾಡಬೇಕು, ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ಗುಂಪು ಮಾಡಬೇಕು ಎಂದರು. ಎರಡು ವಾರ ರಾತ್ರಿ ಹನ್ನೊಂದರವರೆಗೆ ಕುಳಿತು ಹಾಳೆ ಬರೆದೆ, ಆಮೇಲೆ ಕೈಬಿಟ್ಟೆ. ಅಷ್ಟರಲ್ಲಿ ಮಕ್ಕಳೇ ಒಂದು ಗುಂಪಿಗೆ "ದಡ್ಡರ ಗುಂಪು" ಎಂದು ಹೆಸರಿಟ್ಟಿದ್ದರು. ಒಬ್ಬ ತಾಯಿ ಬಂದು, "ಐದನೇ ಇಯತ್ತೆಯ ಹುಡುಗಿಗೆ ಎರಡನೇ ಇಯತ್ತೆಯ ಲೆಕ್ಕ ಯಾಕೆ ಕೊಡ್ತೀರಿ?" ಎಂದು ಕೇಳಿದರು. ನಾನು ತಪ್ಪಿದ್ದು ಎಲ್ಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಮಕ್ಕಳ ಮಟ್ಟ ಬೇರೆ ಬೇರೆ ಇರುವಾಗ ಎಲ್ಲರಿಗೂ ಒಂದೇ ಲೆಕ್ಕ ಕೊಡುವುದು ಅನ್ಯಾಯವೆಂಬುದು ಮೊದಲನೆಯದು. ಬೇರೆ ಬೇರೆ ಲೆಕ್ಕ ಕೊಟ್ಟರೆ ಅದು ಹಣೆಪಟ್ಟಿಯಾಗುತ್ತದೆ, ಜೊತೆಗೆ ನಿಮ್ಮ ಶಕ್ತಿಯನ್ನೂ ಹೀರುತ್ತದೆ ಎಂಬುದು ಎರಡನೆಯದು. ಎರಡೂ ನಿಜ. ನೀವು ಹಾಳೆ ಬರೆಯುವುದನ್ನು ಬಿಟ್ಟದ್ದು ಸೋಲು ಎಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ವರ್ಷಪೂರ್ತಿ ದಿನಕ್ಕೆ ಮೂರು ಬಗೆಯ ಹಾಳೆ ಬರೆದವರನ್ನು ನಾನು ಇದುವರೆಗೆ ಕಂಡಿಲ್ಲ.

ಮೊದಲು ತರಬೇತಿಯಲ್ಲಿ ಕೇಳಿದ ಮಾತುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬಹುದು ಎಂದು ನೋಡೋಣ. ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂಬ ವಿಂಗಡಣೆಯನ್ನು ನೀವು ನಿಶ್ಚಿಂತೆಯಿಂದ ಬಿಡಬಹುದು. ಮಗುವಿನ 'ಕಲಿಕಾ ಶೈಲಿ'ಯನ್ನು ಗುರುತಿಸಿ ಅದಕ್ಕೆ ಹೊಂದುವಂತೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎಂಬ ನಂಬಿಕೆಗೆ ತಕ್ಕ ಆಧಾರವಿಲ್ಲವೆಂದು ಅಮೆರಿಕದ ಮನೋವಿಜ್ಞಾನಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲಿಯೇ ಹಳೆಯ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ ಹೇಳಿದ್ದಾರೆ. ಸ್ಥಾನಬೆಲೆಯನ್ನು, ಅಂದರೆ ಅಂಕಿ ನಿಂತ ಜಾಗಕ್ಕೆ ತಕ್ಕಂತೆ ಅದರ ಬೆಲೆ ಬದಲಾಗುವುದನ್ನು, ಎಲ್ಲ ಮಕ್ಕಳೂ ಕೈಯಲ್ಲಿ ಮುಟ್ಟಬೇಕು, ಕಣ್ಣಿನಲ್ಲಿ ನೋಡಬೇಕು, ಬಾಯಲ್ಲಿ ಹೇಳಬೇಕು. ಅದು ಪಾಠದ ಗುಣವೇ ಹೊರತು ಮಗುವಿನ ಜಾತಿಯಲ್ಲ. ಇದಕ್ಕೆ ವಿರುದ್ಧವಾಗಿ, ಮಕ್ಕಳನ್ನು ತರಗತಿಗಿಂತ ಹೆಚ್ಚಾಗಿ ಅವರು ಈಗ ನಿಂತಿರುವ ಮಟ್ಟಕ್ಕೆ ತಕ್ಕಂತೆ ದಿನದ ಸ್ವಲ್ಪ ಹೊತ್ತು ಕೂರಿಸಿ ಕಲಿಸುವ ಕ್ರಮಕ್ಕೆ ಒಳ್ಳೆಯ ಆಧಾರವಿದೆ. ಮಕ್ಕಳ ಶಿಕ್ಷಣಕ್ಕಾಗಿ ದುಡಿಯುವ ಪ್ರಥಮ್ ಸಂಸ್ಥೆ ದೇಶದ ಹಲವು ರಾಜ್ಯಗಳಲ್ಲಿ ಮಾಡಿ ತೋರಿಸಿದ್ದು ಅದನ್ನೇ. ಆದರೆ ಅಲ್ಲಿ ಗುಂಪು ಸ್ಥಿರವಲ್ಲ, ಮತ್ತೆ ಮತ್ತೆ ಪರೀಕ್ಷಿಸಿ ಬದಲಿಸುವಂಥದ್ದು. ನಮ್ಮಲ್ಲಿ ಬಹಳ ಸಲ ಈ ಎರಡನೆಯ ಭಾಗವೇ ಬಿಟ್ಟುಹೋಗುತ್ತದೆ.

ಅಂತರ ಏಕೆ ಇಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದಕ್ಕೆ ಮಕ್ಕಳ ಬುದ್ಧಿಯನ್ನು ಹೊಣೆಯಾಗಿಸುವ ಮೊದಲು ನಮ್ಮ ವ್ಯವಸ್ಥೆಯನ್ನೊಮ್ಮೆ ನೋಡಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆಂಧ್ರಪ್ರದೇಶದ ಋಷಿವ್ಯಾಲಿ ಶಾಲೆಯ ಮಾದರಿಯನ್ನು ನೋಡಿ ಶುರುವಾದ, ಸರ್ಕಾರಿ ಶಾಲೆಗಳ ನಲಿಕಲಿ ಕ್ರಮ, ನಿಮಗೆ ತಿಳಿದಿರುವಂತೆ, ಮೂರನೇ ತರಗತಿಯವರೆಗೆ ಮಗುವನ್ನು ಅದರದೇ ವೇಗದಲ್ಲಿ ಕಲಿಕಾ ಏಣಿ ಹತ್ತಿಸುತ್ತದೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ನಾವು ಏಣಿಯನ್ನು ತೆಗೆದು ಎಲ್ಲರ ಕೈಗೂ ಒಂದೇ ಪುಟ ತೆರೆದ ಪಠ್ಯಪುಸ್ತಕ ಕೊಡುತ್ತೇವೆ. ಏಣಿಯ ನಡುವಿನ ಮೆಟ್ಟಿಲಿನಲ್ಲಿದ್ದ ಮಗು ಅಲ್ಲಿಯೇ ಉಳಿಯುತ್ತದೆ. ಅದರ ಮೇಲೆ ನಮ್ಮ ಕರಾವಳಿಯ ಮಳೆಗಾಲ ಬೇರೆ: ಶಾಲೆ ಶುರುವಾಗಿ ಹಿಂದಿನ ವರ್ಷದ್ದನ್ನು ನೆನಪಿಸಬೇಕಾದ ಜೂನ್, ಜುಲೈ ತಿಂಗಳಲ್ಲಿಯೇ ಮಳೆ ರಜೆಗಳು ಬರುತ್ತವೆ, ಹಳ್ಳ ತುಂಬಿದ ದಿನ ಆಚೆ ದಡದ ಮಕ್ಕಳು ಬರುವುದಿಲ್ಲ. ಹೀಗೆ ತಪ್ಪಿದ ಪಾಠ ಯಾವುದೆಂಬುದು ಮಗುವಿನಿಂದ ಮಗುವಿಗೆ ಬೇರೆಯಾಗಿರುತ್ತದೆ.

ಆದ್ದರಿಂದ ನನ್ನ ಮೊದಲ ಸಲಹೆ ಇದು: ಅಂಕ ನೋಡಿ ಗುಂಪು ಮಾಡಬೇಡಿ, ತಪ್ಪು ನೋಡಿ ಮಾಡಿ. ಸೋಮವಾರ ಹಲಗೆಯ ಮೇಲೆ 403 − 178 ಎಂದು ಬರೆದು, ಹಾಕಿದ ಬಗೆ ಅಳಿಸದಂತೆ ಉಳಿಯಲಿ ಎಂದು ಪೆನ್ನಿನಲ್ಲಿಯೇ ಮಾಡಿಸಿ, 17 ಪುಸ್ತಕಗಳನ್ನೂ ಮನೆಗೆ ಒಯ್ಯಿರಿ. ಸರಿಯುತ್ತರ 225. ತಪ್ಪುತ್ತರಗಳು ಹದಿನೇಳು ಬಗೆಯಾಗಿರುವುದಿಲ್ಲ. ನನ್ನ ಅನುಭವದಲ್ಲಿ ಹೆಚ್ಚಿನವು 375, 235, 135 ಎಂಬ ಮೂರರಲ್ಲೇ ಬರುತ್ತವೆ. 375 ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ: 8ರಲ್ಲಿ 3, 7ರಲ್ಲಿ 0, 4ರಲ್ಲಿ 1. ಅದಕ್ಕೆ 403 ಎಂಬುದು ಒಂದು ಸಂಖ್ಯೆಯಾಗಿ ಕಾಣುತ್ತಿಲ್ಲ, ಮೂರು ಬಿಡಿ ಅಂಕಿಗಳಾಗಿ ಕಾಣುತ್ತಿದೆ. 235 ಬರೆದ ಮಗು ನೂರನ್ನು ಬಿಡಿಸಿ ಹತ್ತು 'ಹತ್ತು'ಗಳನ್ನು ಮಾಡಿತು, ಬಿಡಿಸ್ಥಾನಕ್ಕೆ 13ನ್ನೂ ತಂದುಕೊಂಡಿತು, ಆದರೆ ಕೊಟ್ಟ ಮೇಲೆ ಉಳಿದದ್ದು ಒಂಬತ್ತೇ ಎಂಬುದನ್ನು ಮರೆಯಿತು. ಅದು ಬಹುತೇಕ ದಡ ಸೇರಿದೆ. 135 ಬರೆದ ಮಗು ಸೊನ್ನೆಯನ್ನು ದಾಟಿ ಎರಡು ಸಲವೂ ನೂರರ ಸ್ಥಾನದಿಂದಲೇ ತಂದುಕೊಂಡಿದೆ: ಒಮ್ಮೆ ಬಿಡಿಗೆ, ಒಮ್ಮೆ ಹತ್ತಕ್ಕೆ. ಅಂಕಪಟ್ಟಿಯಲ್ಲಿ ಮೂವರಿಗೂ ಸೊನ್ನೆ. ಆದರೆ ಮೊದಲನೆಯ ಮಗುವಿಗೆ ಎರಡಂಕಿಯ ಸಂಖ್ಯೆಯಿಂದ ಶುರುಮಾಡಬೇಕು, ಎರಡನೆಯದಕ್ಕೆ ಹತ್ತು ನಿಮಿಷ ಸಾಕು, ಮೂರನೆಯದಕ್ಕೆ ನೂರು, ಹತ್ತು, ಬಿಡಿಗಳ ನಡುವಿನ ದಾರಿಯನ್ನು ತೋರಿಸಬೇಕು.

ಇಲ್ಲಿ ನಿಮ್ಮ ಊರಿಗೇ ವಿಶೇಷವಾದ ಇನ್ನೊಂದು ಕಾರಣವನ್ನೂ ಗಮನಿಸಿ. ಕನ್ನಡದಲ್ಲಿ 'ಇಪ್ಪತ್ತಮೂರು' ಎನ್ನುವಾಗ ಇಪ್ಪತ್ತು ಮೊದಲು ಬರುತ್ತದೆ, ಬರೆಯುವ ಕ್ರಮವೂ ಅದೇ. ಕೊಂಕಣಿಯ 'ತೇವೀಸ'ದಲ್ಲಿ ಮೂರು ಮೊದಲು, ಇಪ್ಪತ್ತು ಆಮೇಲೆ. ಮನೆಯಲ್ಲಿ ಅಮ್ಮನೊಡನೆ ಮೀನಿನ ಲೆಕ್ಕ ಮಾಡಿ ಬಂದ ಮಗು ಶಾಲೆಯಲ್ಲಿ 23ರ ಬದಲು 32 ಎಂದು ಬರೆದರೆ ಅದು ಅಜಾಗರೂಕತೆಯಲ್ಲ, ಮನೆಮಾತಿನ ಕ್ರಮವನ್ನು ನಿಷ್ಠೆಯಿಂದ ಪಾಲಿಸಿದೆ. ಕನ್ನಡ ಮಾತ್ರ ಬಲ್ಲ ಮಗುವೂ 'ಇಪ್ಪತ್ತು' ಮತ್ತು 'ಎಪ್ಪತ್ತು' ಎಂಬುದನ್ನು ತಪ್ಪಾಗಿ ಕೇಳಿಸಿಕೊಳ್ಳುವುದುಂಟು. ಹಾಗಾಗಿ ಉಕ್ತಲೇಖನದಲ್ಲಿ ತಪ್ಪುವ ಮಗು ಹಲಗೆ ನೋಡಿ ಮಾಡಿದಾಗಲೂ ತಪ್ಪುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿದರೆ, ಲೆಕ್ಕ ಬಾರದ ಮಗುವನ್ನೂ ಸಂಖ್ಯೆಯ ಹೆಸರಿನಲ್ಲಿ ಎಡವಿದ ಮಗುವನ್ನೂ ಬೇರ್ಪಡಿಸಬಹುದು.

ಸಾಮಗ್ರಿಯ ಬಗ್ಗೆ ಒಂದು ಮಾತು. ಕರಾವಳಿಯ ಶಾಲೆಗಳಲ್ಲಿ ಕಪ್ಪೆಚಿಪ್ಪು, ಹುಣಸೆ ಬೀಜ ಧಾರಾಳವಾಗಿ ಸಿಗುತ್ತವೆ, ಎಣಿಸುವುದಕ್ಕೆ ಅವು ಚೆನ್ನ. ಆದರೆ ಅವನ್ನು ಹತ್ತರ ಕಟ್ಟು ಕಟ್ಟಲು ಬರುವುದಿಲ್ಲ. ಸ್ಥಾನಬೆಲೆಗೆ ಬೇಕಾದದ್ದು ಕಟ್ಟಬಹುದಾದ ಮತ್ತು ಬಿಚ್ಚಬಹುದಾದ ವಸ್ತು. ಒಂದು ತೆಂಗಿನ ಗರಿಯ ಕಡ್ಡಿಗಳನ್ನು ಬೆರಳುದ್ದಕ್ಕೆ ತುಂಡರಿಸಿ, ಹತ್ತು ಹತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ಅಂಥ ಹತ್ತು ಕಟ್ಟುಗಳನ್ನು ಸೇರಿಸಿ ದಾರದಿಂದ ನೂರರ ಕಟ್ಟು ಮಾಡಿಸಿ. ಈ ಕೆಲಸವನ್ನು 375 ಬರೆದ ಮಕ್ಕಳ ಕೈಯಿಂದಲೇ ಮಾಡಿಸುವುದು ಒಳ್ಳೆಯದು. ಈಗ ನಾಲ್ಕು ನೂರರ ಕಟ್ಟು, ಮೂರು ಬಿಡಿ ಕಡ್ಡಿಗಳನ್ನು ನೆಲದ ಮೇಲಿಟ್ಟು, "ಇದರಲ್ಲಿ ಎಂಟು ಬಿಡಿ ಕಡ್ಡಿ ನನಗೆ ಕೊಡು" ಎಂದು ಕೇಳಿ. ಮಗು ಮೂರು ಕಡ್ಡಿ ಹಿಡಿದು ಸುಮ್ಮನಾಗುತ್ತದೆ, ಹತ್ತರ ಕಟ್ಟು ಹುಡುಕುತ್ತದೆ, ಇಲ್ಲ. ಕೊನೆಗೆ ನೂರರ ಕಟ್ಟಿನ ದಾರ ಬಿಚ್ಚುತ್ತದೆ. ಹತ್ತು ಕಟ್ಟು ಸಿಗುತ್ತವೆ. ಅದರಲ್ಲಿ ಒಂದರ ರಬ್ಬರ್ ಬ್ಯಾಂಡ್ ತೆಗೆಯುತ್ತದೆ. ಈಗ ನೆಲದ ಮೇಲೆ ಮೂರು ನೂರು, ಒಂಬತ್ತು ಹತ್ತು, ಹದಿಮೂರು ಬಿಡಿ. ಆ 'ಒಂಬತ್ತು' ಎಲ್ಲಿಂದ ಬಂತೆಂದು ಆಮೇಲೆ ನೀವು ವಿವರಿಸಬೇಕಾಗಿಲ್ಲ. ನಾವು "ಪಕ್ಕದ ಮನೆಯಿಂದ ಸಾಲ ತಂದರು" ಎಂದು ಕಥೆ ಹೇಳಿ ಕಲಿಸುವುದುಂಟು. ನನಗೆ ಆ ಕಥೆ ಅಷ್ಟು ಹಿಡಿಸುವುದಿಲ್ಲ, ಏಕೆಂದರೆ ಸಾಲ ತಂದರೆ ತೀರಿಸಬೇಕು, ಇಲ್ಲಿ ಯಾರೂ ತೀರಿಸುವುದಿಲ್ಲ. ಬಿಚ್ಚುವುದು ಎಂಬ ಮಾತೇ ನಿಜಕ್ಕೆ ಹತ್ತಿರ.

ಹಾಗಾದರೆ ಬೇಗ ಮುಗಿಸುವ ಆ ನಾಲ್ಕೈದು ಮಕ್ಕಳು? ಅವರಿಗೆ ಮುಂದಿನ ಪಾಠವನ್ನೋ ಇನ್ನೂ ಹತ್ತು ಇಂಥದೇ ಲೆಕ್ಕಗಳನ್ನೋ ಕೊಡುವುದು ನಾವೆಲ್ಲ ಮಾಡುವ ಕೆಲಸ, ಮತ್ತು ಅದು ಬೇಗ ಮುಗಿಸಿದ್ದಕ್ಕೆ ದಂಡ ಹಾಕಿದಂತೆ. ಅದರ ಬದಲು ಹಲಗೆಯ ಮೇಲೆ ಎಲ್ಲರಿಗೂ ಒಂದೇ ಪ್ರಶ್ನೆ ಬರೆಯಿರಿ: "ಎರಡು ಸಂಖ್ಯೆಗಳ ವ್ಯತ್ಯಾಸ 225. ಆ ಸಂಖ್ಯೆಗಳು ಯಾವುವು?" ಹಿಂದುಳಿದ ಮಗು 226 − 1 ಎಂದು ಬರೆದು ಒಳಗೆ ಬರುತ್ತದೆ, ಆಮೇಲೆ 325 − 100 ಕಂಡುಕೊಳ್ಳುತ್ತದೆ. ನಡುವಿನವರಿಗೆ "ಒಮ್ಮೆಯಾದರೂ ಹತ್ತರ ಕಟ್ಟು ಬಿಚ್ಚಬೇಕು" ಎಂದು ಷರತ್ತು ಹಾಕಿ. ಮುಂದಿನವರಿಗೆ "ಎರಡೂ ಸಂಖ್ಯೆಗಳು ಮೂರಂಕಿಯವು, ಮೊದಲನೆಯದರ ನಡುವೆ ಸೊನ್ನೆ, ಆರು ಅಂಕಿಗಳಲ್ಲಿ ಯಾವುದೂ ಎರಡು ಸಲ ಬರಬಾರದು" ಎನ್ನಿ. 403 − 178 ಕೂಡ ಅಂಥದೊಂದು ಉತ್ತರವೆಂದು ಅವರು ಪತ್ತೆಹಚ್ಚಿದಾಗ ಅವರ ಮುಖ ನೋಡಬೇಕು. ಆಮೇಲೆ, ಎರಡೂ ಸಂಖ್ಯೆಗಳಿಗೆ 2 ಕೂಡಿಸಿದರೆ 405 − 180 ಆಗುತ್ತದೆ, ವ್ಯತ್ಯಾಸ ಬದಲಾಗುವುದಿಲ್ಲ, ಏಕೆ ಎಂದು ಕೇಳಿ. ಇದು ಮುಂದಿನ ಪಾಠವಲ್ಲ, ಇದೇ ಪಾಠದ ಆಳ. ನೀವು ಬರೆದದ್ದು ಒಂದೇ ಸಾಲು, ಹಾಳೆ ಒಂದೂ ಇಲ್ಲ. ಎಲ್ಲರೂ ಒಂದೇ ಲೆಕ್ಕ ಮಾಡಿದ್ದರಿಂದ ಕೊನೆಯ ಹತ್ತು ನಿಮಿಷ ಎಲ್ಲರ ಉತ್ತರಗಳೂ ಒಂದೇ ಹಲಗೆಯ ಮೇಲೆ ಬರುತ್ತವೆ.

ಇನ್ನು ವ್ಯಾಕರಣ. ಇಲ್ಲಿ ನಾವು ಬೇರೆ ಬೇರೆ ತಪ್ಪುಗಳನ್ನು ಒಂದೇ ಕೆಂಪು ಶಾಯಿಯಲ್ಲಿ ತಿದ್ದುವುದರಿಂದ ಗೊಂದಲ ಇನ್ನೂ ಹೆಚ್ಚು. ಒಂದು ಮಗು "ಅಜಿ ಪೇಟೆಯಿಂದ ಬಂಗಡೆ ತದು ಮೊಮಗನಿಗೆ ಕೊಟಳು" ಎಂದು ಬರೆಯುತ್ತದೆ. ಇನ್ನೊಂದು "ಅಜ್ಜಿ ಪೇಟೆ ಬಂಗಡೆ ತಂದು ಮೊಮ್ಮಗ ಕೊಟ್ಟಿತು" ಎಂದು ಬರೆಯುತ್ತದೆ. ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ಕೆಂಪು ಗುರುತುಗಳು ಬೀಳುತ್ತವೆ. ಆದರೆ ಮೊದಲ ಮಗುವಿಗೆ ವ್ಯಾಕರಣ ಪೂರ್ತಿ ಬರುತ್ತದೆ, ಒಂದು ಪ್ರತ್ಯಯವೂ ತಪ್ಪಿಲ್ಲ, ಬಾರದಿರುವುದು ಒತ್ತಕ್ಷರ ಮತ್ತು 'ತಂದು' ಎಂಬಲ್ಲಿರುವಂಥ ಸೊನ್ನೆ. ಎರಡನೆಯ ಮಗುವಿಗೆ ಕಾಗುಣಿತ, ಒತ್ತಕ್ಷರ ಎಲ್ಲ ಬರುತ್ತವೆ, ವಿಭಕ್ತಿ ಪ್ರತ್ಯಯ ಮತ್ತು ಕ್ರಿಯಾಪದದ ಹೊಂದಾಣಿಕೆ ಬಾರದು. ಇವರಿಬ್ಬರನ್ನೂ 'ಕನ್ನಡದಲ್ಲಿ ಹಿಂದೆ' ಎಂಬ ಒಂದೇ ಗುಂಪಿಗೆ ಹಾಕಿದರೆ ಇಬ್ಬರಿಗೂ ನಷ್ಟ. ಮಗುವಿನಿಂದ ವಾಕ್ಯವನ್ನು ಬಾಯಲ್ಲಿ ಹೇಳಿಸಿದರೆ ಒಂದೇ ನಿಮಿಷದಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಆ 'ಕೊಟ್ಟಿತು' ಎಂಬುದರ ಹಿಂದೆಯೂ ಮನೆಮಾತು ಇರಬಹುದು. ಹವ್ಯಕ ಕನ್ನಡದಲ್ಲಿ 'ಅಕ್ಕ ಬಂತು' ಎಂಬುದೇ ಸರಿಯಾದ ಪ್ರಯೋಗ. ಹೆಣ್ಣಿಗೆ ನಪುಂಸಕದ ರೂಪ ಬಳಸುವುದು ಆ ಉಪಭಾಷೆಯ ನಿಯಮ. ಕೊಂಕಣಿಯಲ್ಲಿ ಇದಕ್ಕೆ ತಿರುವು ಬೇರೆ: ಅಲ್ಲಿ ಜೀವವಿಲ್ಲದ ವಸ್ತುವಿಗೂ ಲಿಂಗವಿದೆ, ಬಸ್ಸು ಸ್ತ್ರೀಲಿಂಗ, ಮರ ಎಂಬರ್ಥದ 'ರೂಕು' ಪುಲ್ಲಿಂಗ. ಆ ಮಗು "ಬಸ್ಸು ಬಂದಳು" ಎಂದರೆ ತರಗತಿ ನಗುತ್ತದೆ, ಮಗು ಮುಂದೆ ಬಾಯಿ ಬಿಡುವುದಿಲ್ಲ. ನಗುವ ಬದಲು ಇದನ್ನೇ ಪಾಠ ಮಾಡಬಹುದು. "ನಿಮ್ಮ ಮನೆಯಲ್ಲಿ ಬಸ್ಸು ಬಂತು ಎನ್ನುವುದು ಹೇಗೆ?" ಎಂದು ಪ್ರತಿಯೊಬ್ಬರನ್ನೂ ಕೇಳಿ, ಹಲಗೆಯ ಮೇಲೆ ಕನ್ನಡ ಲಿಪಿಯಲ್ಲಿಯೇ ಬರೆದು, ಪುಸ್ತಕದ ಕನ್ನಡದಲ್ಲಿ ಸಾಮಾನ್ಯವಾಗಿ ಮನುಷ್ಯರಿಗೆ, ದೇವರಿಗೆ ಮಾತ್ರ ಗಂಡು, ಹೆಣ್ಣು, ಉಳಿದದ್ದಕ್ಕೆಲ್ಲ 'ಅದು' ಎಂಬ ನಿಯಮವನ್ನು ಮಕ್ಕಳೇ ಹೇಳುವಂತೆ ಮಾಡಿ. ಮನೆಮಾತು ತಪ್ಪೆಂದು ಹೇಳದೆ, ಇದು ಬರಹದ ಕ್ರಮ, ಅದು ಮನೆಯ ಕ್ರಮ ಎಂದು ಎರಡನ್ನೂ ಉಳಿಸಬಹುದು.

ಚಟುವಟಿಕೆಯ ವಿಷಯಕ್ಕೆ ಬಂದರೆ, ಅದೇ ವಾಕ್ಯದಿಂದ ಆರು ಪದಚೀಟಿಗಳನ್ನು ಮಾಡಿ: ಅಜ್ಜಿ, ಮೊಮ್ಮಗ, ಪೇಟೆ, ಬಂಗಡೆ, ತರು, ಕೊಡು. ಎಲ್ಲರಿಗೂ ಇವೇ ಚೀಟಿಗಳು. ಪ್ರತ್ಯಯದಲ್ಲಿ ಎಡವುವವರಿಗೆ ಜೊತೆಯಲ್ಲಿ 'ಇಂದ', 'ಇಗೆ', 'ಅಲ್ಲಿ', 'ಅನ್ನು' ಎಂಬ ಚೀಟಿಗಳನ್ನೂ ಕೊಟ್ಟು, ಮೊದಲು ಬಾಯಲ್ಲಿ ಹೇಳಿ ಆಮೇಲೆ ಜೋಡಿಸಲು ಹೇಳಿ. ನಡುವಿನವರು ಅಜ್ಜಿಯನ್ನು ತೆಗೆದು ಅಜ್ಜನನ್ನು ಇಡಲಿ, ಮೊಮ್ಮಗನ ಜಾಗದಲ್ಲಿ ಮೊಮ್ಮಕ್ಕಳನ್ನು ಇಡಲಿ, ಪ್ರತಿ ಸಲವೂ ವಾಕ್ಯದಲ್ಲಿ ಬೇರೇನು ಬದಲಾಯಿತು ಎಂದು ಗುರುತಿಸಲಿ; ಅಜ್ಜ ಬಂದರೆ 'ಕೊಟ್ಟಳು' ಹೋಗಿ 'ಕೊಟ್ಟನು' ಆಗುತ್ತದೆ, ಆದರೆ ಮೊಮ್ಮಕ್ಕಳು ಎಷ್ಟು ಜನ ಬಂದರೂ ಕ್ರಿಯಾಪದ ಅಲುಗಾಡುವುದಿಲ್ಲ. ಮುಂದಿನವರಿಗೆ 'ಅನ್ನು' ಪ್ರತ್ಯಯವನ್ನು ಒಪ್ಪಿಸಿ. "ಅಜ್ಜಿ ಬಂಗಡೆ ತಂದಳು" ಎಂಬುದು ಸರಿಯಾದ ಕನ್ನಡವೇ ಆಗಿರುವಾಗ, ಪ್ರತಿ ಕರ್ಮಪದಕ್ಕೂ 'ಅನ್ನು' ಅಂಟಿಸಲೇಬೇಕೆಂದು ನಾವು ಅಂಕ ಕಳೆಯುವುದು ಸರಿಯಲ್ಲ. ಆದರೆ "ನಾಯಿ ಬೆಕ್ಕು ಕಚ್ಚಿತು" ಎಂದರೆ ಕಚ್ಚಿದ್ದು ಯಾರು? ಎಲ್ಲಿ 'ಅನ್ನು' ಬಿಡಬಹುದು, ಎಲ್ಲಿ ಬಿಟ್ಟರೆ ಕೆಡುತ್ತದೆ ಎಂದು ಹತ್ತು ವಾಕ್ಯ ಬರೆದು ಹುಡುಕಲು ಹೇಳಿದರೆ ಅವರು ಇಡೀ ಅವಧಿ ನಿಮ್ಮನ್ನು ಕರೆಯುವುದಿಲ್ಲ.

ಒತ್ತಕ್ಷರದ ಮಕ್ಕಳಿಗೆ ಇದರಲ್ಲಿ ಏನೂ ಸಿಗಲಿಲ್ಲ ಎಂದು ನೀವು ಕೇಳಬಹುದು. ಅವರಿಗೆ ಬೇಕಾದದ್ದು ವ್ಯಾಕರಣದ ಹೊತ್ತಿನಲ್ಲಲ್ಲ. ದಿನಕ್ಕೆ ಐದೇ ಪದಗಳ ಉಕ್ತಲೇಖನ, ಒಂದೊಂದು ದಿನ ಒಂದೊಂದು ಒತ್ತು, ಅಷ್ಟು ಸಾಕು.

ಈಗ ತರಗತಿಯನ್ನು ನಡೆಸುವ ಬಗೆ. ಮೂರು ಹಾಳೆಗಳ ಕ್ರಮ ಸುಲಭವಾಗಿ ಹಣೆಪಟ್ಟಿಯಾಗುತ್ತದೆ ಎಂಬುದನ್ನು ನೀವೇ ಕಂಡಿದ್ದೀರಿ. ಒಂದೇ ಪ್ರಶ್ನೆಗೆ ಹಲವು ಬಾಗಿಲು ಎಂಬ ಮೇಲಿನ ಕ್ರಮದಲ್ಲೂ ಅಪಾಯವಿದೆ: ಬುದ್ಧಿವಂತ ಮಗುವೊಂದು 226 − 1, 227 − 2 ಎಂದು ಪುಟ ತುಂಬಿಸಿ ಆರಾಮವಾಗಿ ಕುಳಿತುಬಿಡಬಹುದು, ನೀವು ಓಡಾಡುತ್ತ ಷರತ್ತು ಹಾಕುತ್ತಲೇ ಇರಬೇಕು. ಬಲ್ಲ ಮಗುವನ್ನು ಬಾರದ ಮಗುವಿನ ಪಕ್ಕ ಕೂರಿಸುವ ಕ್ರಮ ನಲಿಕಲಿಯ ಸಹಪಾಠಿ ಬೆಂಬಲದಿಂದ ಮಕ್ಕಳಿಗೆ ಗೊತ್ತೇ ಇದೆ, ಆದರೆ ನಿಗಾ ಇಲ್ಲದಿದ್ದರೆ ಎರಡನೇ ದಿನಕ್ಕೆ ಅದು ಉತ್ತರ ತೋರಿಸುವ ಕೆಲಸವಾಗುತ್ತದೆ. "ಉತ್ತರ ಹೇಳಬಾರದು, ಪ್ರಶ್ನೆ ಕೇಳಬಹುದು" ಎಂದು ನಿಯಮ ಮಾಡಿ, ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬಳಸಬೇಡಿ. ಬಲ್ಲ ಮಗುವೂ ಕಲಿಯಲು ಬಂದದ್ದು. ತಪ್ಪಿಗೆ ತಕ್ಕ ಗುಂಪನ್ನು ವಾರಕ್ಕೆ ಮೂರು ದಿನ, ದಿನಕ್ಕೆ 20 ನಿಮಿಷ ಮಾಡಿದರೆ ಸಾಕು. ಅದೂ ಮೂರಲ್ಲ, ಎರಡೇ ಗುಂಪು: ನಿಮ್ಮ ಎದುರು ಕೂರುವ ಐದಾರು ಮಕ್ಕಳು ಮತ್ತು ಉಳಿದವರು. ನಾಲ್ಕನೆಯವರೂ ಐದನೆಯವರೂ ಬೆರೆಯಲಿ. ಇದರಿಂದ ಪಠ್ಯಪುಸ್ತಕ ಸ್ವಲ್ಪ ಹಿಂದೆ ಬೀಳುತ್ತದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಪಾಠ ಟಿಪ್ಪಣಿಯಲ್ಲಿ ಕಾರಣ ಬರೆದಿಡಿ.

ಹೆಸರಿನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಶಿರಸಿ ಕಡೆ ಪಾಠ ಮಾಡುತ್ತಿದ್ದ ಮೊದಲ ವರ್ಷಗಳಲ್ಲಿ ಗುಂಪುಗಳಿಗೆ ಸಂಪಿಗೆ, ಮಲ್ಲಿಗೆ, ದಾಸವಾಳ ಎಂದು ಹೆಸರಿಟ್ಟು ಜಾಣತನ ಮಾಡಿದೆನೆಂದುಕೊಂಡಿದ್ದೆ. ಒಂದು ವಾರದಲ್ಲಿ 'ದಾಸವಾಳ' ಬೈಗುಳವಾಯಿತು. ಅದಕ್ಕಿಂತ ದೊಡ್ಡ ತಪ್ಪು, ಜೂನ್‌ನಲ್ಲಿ ಆ ಗುಂಪಿಗೆ ಹಾಕಿದ ಹುಡುಗಿಯೊಬ್ಬಳು ಆಗಸ್ಟ್‌ನಲ್ಲೇ ಮುಂದೆ ಬಂದಿದ್ದಳು, ನಾನು ಮತ್ತೆ ಪರೀಕ್ಷಿಸಲಿಲ್ಲ, ಮಾರ್ಚ್‌ವರೆಗೂ ಅಲ್ಲೇ ಉಳಿದಳು. ಆಮೇಲಿಂದ ಗುಂಪಿಗೆ ಕೆಲಸದ ಹೆಸರನ್ನೇ ಇಡುತ್ತೇನೆ: ಇಂದು 'ಕಟ್ಟು ಬಿಚ್ಚುವವರು', ನಾಳೆ 'ಇಂದ ಹಚ್ಚುವವರು'. ಎರಡು ವಾರಕ್ಕಿಂತ ಹೆಚ್ಚು ಯಾವ ಗುಂಪೂ ಉಳಿಯುವುದಿಲ್ಲ. ಗಣಿತದಲ್ಲಿ ನಿಮ್ಮ ಎದುರು ಕೂತ ಮಗು ವ್ಯಾಕರಣದಲ್ಲಿ ಆಚೆ ಕೂರುವುದನ್ನು ಮಕ್ಕಳು ಕಂಡರೆ ಬೈಗುಳಕ್ಕೆ ಜಾಗ ಸಿಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಎರಡು ತಿಂಗಳಲ್ಲಿ ಒಂದು ಮಗು ಸ್ವಲ್ಪವೂ ಕದಲದಿದ್ದರೆ, ಮೊದಲು ಕಣ್ಣು ಮತ್ತು ಕಿವಿಯ ತಪಾಸಣೆ ಮಾಡಿಸಿ. ಆಮೇಲೆ ನಿಮ್ಮ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ಸಮನ್ವಯ ಶಿಕ್ಷಣದ (ವಿಶೇಷ ಅಗತ್ಯವಿರುವ ಮಕ್ಕಳನ್ನು ಎಲ್ಲರ ಜೊತೆಯಲ್ಲೇ ಕಲಿಸುವ ಕ್ರಮದ) ಸಂಪನ್ಮೂಲ ಶಿಕ್ಷಕರಿಗೆ ತಿಳಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ, ಅಂದರೆ ಓದು, ಬರಹ, ಲೆಕ್ಕದಂಥ ಕಲಿಕೆಯಲ್ಲಿ ಬರುವ ತೊಡಕೂ, ಸೇರಿದೆ. ಆದರೆ ಆ ಹೆಸರನ್ನು ಹಚ್ಚುವ ಕೆಲಸ ಶಿಕ್ಷಕರದಲ್ಲ, ತಜ್ಞರದು. ನೀವು ಕೊಡಬೇಕಾದದ್ದು ದಿನಾಂಕ ಹಾಕಿದ ನಾಲ್ಕಾರು ಪುಟಗಳ ಮಾದರಿ.

ಕೊನೆಯದಾಗಿ, ಆ ತಾಯಿ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಇಡೀ ದಿನ ಎರಡನೇ ಇಯತ್ತೆಯ ಲೆಕ್ಕವನ್ನೇ ಮಾಡುವ ಮಗು ಐದನೆಯದನ್ನು ಎಂದೂ ಮುಟ್ಟುವುದಿಲ್ಲ. ಆದ್ದರಿಂದ ಆ 20 ನಿಮಿಷ ಬಿಟ್ಟರೆ ಉಳಿದ ಹೊತ್ತು ಹುಡುಗಿ ತನ್ನ ತರಗತಿಯ ಪಾಠದಲ್ಲೇ, ಎಲ್ಲರ ಜೊತೆಯಲ್ಲೇ ಇರಬೇಕು, ಕೈಯಲ್ಲಿ ಕಡ್ಡಿಯ ಕಟ್ಟು ಇದ್ದರೂ ಸರಿ. ತಾಯಿಯನ್ನು ಇನ್ನೊಮ್ಮೆ ಕರೆದು ಅಂಕದ ಮಾತು ಆಡದೆ ಅವಳ ಪುಸ್ತಕದ 403 − 178 ತೆರೆದು, "ನೋಡಿ, ಇಲ್ಲಿ ದಾರಿ ತಪ್ಪುತ್ತಿದ್ದಾಳೆ, ಅದಕ್ಕೆ ಇದನ್ನು ಕೊಟ್ಟೆ" ಎಂದು ಬೆರಳಿಟ್ಟು ತೋರಿಸಿ. ಮೂರು ವಾರದ ನಂತರ ಅಂಥದೇ ಇನ್ನೊಂದು ಲೆಕ್ಕ, 502 − 267 ಎನ್ನೋಣ, ಅವಳಿಂದ ಮಾಡಿಸಿ ಅದೇ ಪುಟದ ಎದುರು ಪುಟದಲ್ಲಿ ಬರೆಸಿ ಮನೆಗೆ ಕಳಿಸಿ.